ನೂಲಿನಂತೆಯೇ ಸೀರೆಯೇ?

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬುದು ಎಲ್ಲರೂ ಬಲ್ಲ ಗಾದೆ. ನೂಲು ತೆಗೆದೇ ದೊಡ್ಡದಾದ ದಾವಣಗೆರೆಯಲ್ಲಿ ಈ ಗಾದೆಯನ್ನು ಪ್ರಶ್ನೆಯಾಗಿಯೂ ಕೇಳಬಹುದು. ಕೂಲಿಯವನ ಮಗ ಕೂಲಿಯೇ ಆಗಬೇಕೆ? ವರ್ತಕನ ಮಗ ವೈದ್ಯನಾಗುವುದು ಬರೀ ತನ್ನ ಜಾಣತನದಿಂದಲೇ? ಹುಟ್ಟಿದ ಮನೆ ಮನುಷ್ಯನ ಬೆನ್ನಿಗೆ ಎಷ್ಟು ದೂರ ಬರುತ್ತದೆ ಎಂಬುದು ಸಮಾಜಶಾಸ್ತ್ರದ ಹಳೆಯ ಪ್ರಶ್ನೆ. ಸುಮಾರು 14 ಕಿ.ಮೀ. ಅಂತರದ ದಾವಣಗೆರೆ, ಹರಿಹರಗಳ ಚರಿತ್ರೆಯಲ್ಲಿ ಅದಕ್ಕೆ ಒಂದು ಉತ್ತರವಿದೆ.

ಮಿಲ್ಲಿನ ಮೆಟ್ಟಿಲು

ಸುತ್ತಲ ಎರೆನೆಲದ ಹತ್ತಿಗೆ ದಾವಣಗೆರೆ ಹಿಂದಿನಿಂದಲೂ ಪೇಟೆ. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ ಆರಂಭವಾಯಿತು. ಅದರ ಹಿಂದೆಯೇ ಇನ್ನಷ್ಟು ಮಿಲ್ಲುಗಳು ಬಂದವು. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಅಂಟಿತು. ಇತ್ತ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಗಿ ಲೇತ್ ಯಂತ್ರಗಳಿಗೆ ಹೆಸರಾಯಿತು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರ ಎಂಬ ಹೆಸರೇ ಬಂತು. 1970ರ ದಶಕದಲ್ಲಿ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ತಲೆಯೆತ್ತಿತು.

ಮಿಲ್ಲಿನ ಕೆಲಸ ಸುಖದ್ದೇನೂ ಅಲ್ಲ. ಧೂಳು, ಸದ್ದು, ರಾತ್ರಿ ಪಾಳಿ ಎಲ್ಲವೂ ಇದ್ದವು. ಕೆಲಸಕ್ಕೆ ಸೇರಲು ಬಂಧುವಿನದೋ ಊರಿನವರದೋ ಒಂದು ಮಾತು ಬೇಕಾಗುತ್ತಿದ್ದುದೂ ಉಂಟು. ಆದರೆ ಜಮೀನಿಲ್ಲದ, ಓದಿಲ್ಲದ ಮನೆಯ ಹುಡುಗನೂ ಹತ್ತಬಹುದಾದ ಮೆಟ್ಟಿಲು ಅದಾಗಿತ್ತು. ಕಸುಬನ್ನು ಯಂತ್ರದ ಮುಂದೆಯೇ ಕಲಿಯಬಹುದಿತ್ತು. ತಿಂಗಳ ಸಂಬಳ, ಭವಿಷ್ಯನಿಧಿ, ಇಎಸ್‌ಐ ಆಸ್ಪತ್ರೆಯ ಆಸರೆ ಸಿಗುತ್ತಿತ್ತು. ತಿಂಗಳಿಗೆ ಇಷ್ಟು ಹಣ ಬರುತ್ತದೆ ಎಂದು ಖಾತ್ರಿಯಾದ ಮನೆಯಲ್ಲಿ ಮಗುವನ್ನು ಕೆಲಸಕ್ಕೆ ಕಳಿಸದೆ ಶಾಲೆಗೆ ಕಳಿಸುವ ಧೈರ್ಯ ಬರುತ್ತದೆ. ಕಾರ್ಮಿಕ ಸಂಘ ಇದ್ದುದರಿಂದ ಈ ಜನರಿಗೆ ದನಿಯೂ ಇತ್ತು. ಕಾರ್ಮಿಕ ಚಳವಳಿಯಿಂದ ಬಂದ ಕಮ್ಯುನಿಸ್ಟ್ ನಾಯಕ ಪಂಪಾಪತಿ ಅವರನ್ನು ದಾವಣಗೆರೆ 1978, 1983 ಮತ್ತು 1985ರಲ್ಲಿ ವಿಧಾನಸಭೆಗೆ ಕಳಿಸಿತು.

ಆಮೇಲೆ ಮಿಲ್ಲುಗಳು ಒಂದೊಂದಾಗಿ ನಿಂತವು. 2000ದ ದಶಕದ ಆರಂಭದಲ್ಲಿ ಕಿರ್ಲೋಸ್ಕರ್ ಬಾಗಿಲೂ ಮುಚ್ಚಿತು. ದಾವಣಗೆರೆಯಲ್ಲಿ ಡಿಸಿಎಂ ಟೌನ್‌ಶಿಪ್, ಹರಿಹರದಲ್ಲಿ ಯಂತ್ರಪುರ ಹೆಸರಾಗಿ ಉಳಿದಿವೆ.

ಕಾಲೇಜಿನ ಏಣಿ

ಮಿಲ್ಲುಗಳು ಸೋಲುತ್ತಿದ್ದ ಕಾಲಕ್ಕೇ ದಾವಣಗೆರೆ ಇನ್ನೊಂದು ರೂಪ ತಾಳುತ್ತಿತ್ತು. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಹತ್ತಿಯ ಊರು ವಿದ್ಯೆಯ ಊರಾಯಿತು. ಭದ್ರಾ ನಾಲೆಯ ನೀರು ಬಂದ ಮೇಲೆ ಭತ್ತ, ಕಬ್ಬು, ಅಡಿಕೆ ಬೆಳೆದ ಮನೆಗಳ ಮಕ್ಕಳಿಗೆ ಕಾಲೇಜು ಮನೆಬಾಗಿಲಿಗೇ ಬಂದಂತಾಯಿತು.

ಆದರೆ ಎರಡು ಏಣಿಗಳಿಗೂ ಒಂದು ವ್ಯತ್ಯಾಸವಿದೆ. ಮಿಲ್ಲು ಹುಡುಗನಿಗೆ ಮೊದಲ ತಿಂಗಳಿನಿಂದಲೇ ಸಂಬಳ ಕೊಡುತ್ತಿತ್ತು. ಕಾಲೇಜು ಮೊದಲು ಹಣ ಕೇಳುತ್ತದೆ, ಫಲ ಕೊಡುವುದು ಎಷ್ಟೋ ವರ್ಷಗಳ ಮೇಲೆ. ಆ ನಡುವಿನ ವರ್ಷಗಳನ್ನು ಹೊರುವುದು ಯಾರು? ಕುಟುಂಬವೇ. ಹಣಕ್ಕೆ ಸೀಟು ಎಂಬುದು ಕರ್ನಾಟಕದಲ್ಲಿ ಎಷ್ಟು ದೊಡ್ಡ ಸಮಸ್ಯೆಯಾಗಿತ್ತೆಂದರೆ, 1984ರಲ್ಲಿ ಕ್ಯಾಪಿಟೇಷನ್ ಶುಲ್ಕದ ವಿರುದ್ಧ ರಾಜ್ಯ ಕಾನೂನನ್ನೇ ಮಾಡಬೇಕಾಯಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಶುಲ್ಕವನ್ನು ತಳ್ಳಿಹಾಕಿತು. 1994ರಲ್ಲಿ ಸಿಇಟಿ ಘಟಕ ಬಂದು, ರ‍್ಯಾಂಕಿನ ಮೇಲೆ ಸೀಟು ಹಂಚುವ ಕ್ರಮ ನೆಲೆಗೊಂಡಿತು.

ರ‍್ಯಾಂಕ್ ಅಪ್ಪನ ಹೆಸರು ಕೇಳುವುದಿಲ್ಲ ನಿಜ. ಆದರೆ ರ‍್ಯಾಂಕ್ ಬರುವ ದಾರಿಯಲ್ಲಿ ಮನೆ ಅಡಗಿ ಕುಳಿತಿರುತ್ತದೆ. ತಂದೆ ತಾಯಿ ಮಕ್ಕಳಿಗೆ ಬಿಟ್ಟುಹೋಗುವುದು ಹೊಲ, ಮನೆ, ಚಿನ್ನವನ್ನು ಮಾತ್ರವಲ್ಲ. ಯಾವ ಕೋರ್ಸಿಗೆ ಯಾವಾಗ ಅರ್ಜಿ ಹಾಕಬೇಕೆಂಬ ತಿಳಿವಳಿಕೆ ಒಂದು ಆಸ್ತಿ. ಬೆಂಗಳೂರಿನಲ್ಲಿ ಇಳಿದುಕೊಳ್ಳಲು ನೆಂಟರ ಮನೆ ಇರುವುದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಸೋಲನ್ನು ತಾಳಿಕೊಳ್ಳುವ ಶಕ್ತಿ. ಉಳ್ಳವರ ಮಗ ಒಮ್ಮೆ ಫೇಲಾದರೆ ಕೋಚಿಂಗ್ ಸೇರಿ ಮತ್ತೆ ಬರೆಯುತ್ತಾನೆ. ಇಲ್ಲದವನ ಮಗನಿಗೆ ಅದೇ ಕೊನೆಯ ಪರೀಕ್ಷೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೆಣ್ಣೆ ದೋಸೆಯಷ್ಟೇ ಇಲ್ಲಿನ ಮಂಡಕ್ಕಿಗೂ ಹೆಸರಿದೆ. ಆದರೆ ಭಟ್ಟಿಯ ಉರಿ, ಹೊಗೆಯ ಮುಂದೆ ದುಡಿಯುವ ಕುಟುಂಬಗಳಲ್ಲಿ ಬಹುಪಾಲು ಬಡ ಮುಸ್ಲಿಮರವು. ಮನೆಯವರೆಲ್ಲ ಕೈಹಚ್ಚಿದರಷ್ಟೇ ಕೂಲಿ ಗಿಟ್ಟುವ ಕಸುಬಿನಲ್ಲಿ ಮಗುವಿನ ಓದು ಹಿಂದೆ ಬೀಳುವುದು ಸಹಜ. ಆ ತಂದೆ ತಾಯಿಗೆ ಓದಿನ ಬೆಲೆ ಗೊತ್ತಿಲ್ಲವೆಂದಲ್ಲ. ಓದಿಗೆ ಬಿಡಲು ಬೇಕಾದ ವೇಳೆಯೇ ಅವರ ಕೈಯಲ್ಲಿಲ್ಲ.

ರೈಲು ಮುಂದೆ, ಬೋಗಿ ಹಿಂದೆ

‘ಈಗ ಎಲ್ಲರ ಮಕ್ಕಳೂ ಓದುತ್ತಿದ್ದಾರಲ್ಲ’ ಎಂದು ಕೇಳುವವರಿದ್ದಾರೆ. ಮಾತು ಸರಿಯೇ. ಹರಿಹರ ಬಿಟ್ಟ ರೈಲು ದಾವಣಗೆರೆ ತಲುಪಿದಾಗ ಎಲ್ಲ ಬೋಗಿಗಳೂ 14 ಕಿ.ಮೀ. ಮುಂದೆ ಬಂದಿರುತ್ತವೆ, ಕೊನೆಯ ಬೋಗಿ ಮಾತ್ರ ಕೊನೆಯಲ್ಲೇ ಇರುತ್ತದೆ. ಎಲ್ಲರ ಬದುಕು ಸುಧಾರಿಸುವುದು ಒಂದು ವಿಚಾರ. ಹಿಂದಿದ್ದವರು ಸಾಲಿನಲ್ಲಿ ಮುಂದೆ ಬರುವುದು ಇನ್ನೊಂದು. ಚಲನಶೀಲತೆ ಎಂದು ವಿದ್ವಾಂಸರು ಮುಖ್ಯವಾಗಿ ಅಳೆಯುವುದು ಈ ಎರಡನೆಯದನ್ನು.

ಸ್ಯಾಮ್ ಆಶರ್, ಪಾಲ್ ನೊವೊಸಾಡ್ ಮತ್ತು ಚಾರ್ಲಿ ರಾಫ್ಕಿನ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಭಾರತದ ತಂದೆ ಮಕ್ಕಳ ಶಿಕ್ಷಣವನ್ನು ಹೀಗೆಯೇ ಹೋಲಿಸಿತು. 1950ರ ದಶಕದಲ್ಲಿ ಹುಟ್ಟಿದವರಿಂದ 1980ರ ದಶಕದಲ್ಲಿ ಹುಟ್ಟಿದವರವರೆಗೆ ಒಟ್ಟಾರೆ ಚಲನಶೀಲತೆ ಹೆಚ್ಚೇನೂ ಬದಲಾಗಿಲ್ಲ ಎಂಬುದು ಅದರ ತೀರ್ಮಾನ. ಆದರೆ ಒಳಗೆ ನೋಡಿದರೆ ಪರಿಶಿಷ್ಟ ಜಾತಿ, ಪಂಗಡಗಳ ಮಕ್ಕಳು ಮೇಲೇರಿದ್ದಾರೆ, ಮುಸ್ಲಿಮರ ಮಕ್ಕಳು ಹಿಂದೆ ಸರಿದಿದ್ದಾರೆ. ಇಂಥ ಲೆಕ್ಕಗಳು ಹೆಚ್ಚಾಗಿ ತಂದೆ ಮತ್ತು ಗಂಡುಮಕ್ಕಳವು. ಮದುವೆಯಾಗಿ ಬೇರೆ ಮನೆ ಸೇರಿದ ಮಗಳನ್ನು ತವರಿನ ಲೆಕ್ಕಕ್ಕೆ ಜೋಡಿಸುವ ಅಂಕಿಅಂಶ ಅಪರೂಪ. ಗಾದೆ ಹೇಳಿದ ತಾಯಿ ಮಗಳ ಕಥೆ ಹೀಗೆ ಬಹುಮಟ್ಟಿಗೆ ಲೆಕ್ಕದ ಹೊರಗೇ ಉಳಿದಿದೆ.

ಮನೆಯ ಭಾರ ಇಳಿಸಿದ್ದು

ಹುಟ್ಟೇ ಹಣೆಬರಹವಲ್ಲ ಎಂಬುದಕ್ಕೂ ಇಲ್ಲಿಯೇ ಸಾಕ್ಷಿಗಳಿವೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನನ್ನು ಹೊಲದ ಒಡೆಯನನ್ನಾಗಿಸಿತು. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವನಿಗೆ ಅದರಿಂದ ಹೆಚ್ಚೇನೂ ದಕ್ಕಲಿಲ್ಲ. ನೆರೆಯ ರಾಣೆಬೆನ್ನೂರಿನವರಾದ ಎಲ್.ಜಿ. ಹಾವನೂರು ಅವರ ಆಯೋಗದ 1975ರ ವರದಿ ಹಿಂದುಳಿದ ವರ್ಗಗಳಿಗೆ ಓದು, ನೌಕರಿಯ ದಾರಿ ತೆರೆಯಿತು. ಸಿಇಟಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಸೀಟು ಕಾದಿರಿಸಿದ್ದೂ ಇದೇ ಉದ್ದೇಶದಿಂದ. ಮಠಗಳ ಪ್ರಸಾದ ನಿಲಯಗಳು, ಸರ್ಕಾರಿ ಹಾಸ್ಟೆಲುಗಳು ಊಟ, ಮಲಗಲು ಜಾಗ, ರಾತ್ರಿ ಓದಲು ದೀಪ ಕೊಟ್ಟವು. ಬಡವರ ಮನೆಗೆ ಕೊಡಲಾಗದ್ದೂ ಇವೇ.

ಇವೆಲ್ಲಕ್ಕೂ ಒಂದು ಸಮಾನ ಗುಣವಿದೆ. ಕುಟುಂಬ ಹೊರಬೇಕಾದ ಭಾರದಲ್ಲಿ ಒಂದು ಪಾಲನ್ನು ಅವು ತಾವು ಹೊತ್ತವು. ಮಿಲ್ಲಿನ ಸಂಬಳವೂ ಒಂದು ಕಾಲಕ್ಕೆ ಮಾಡಿದ್ದು ಅದನ್ನೇ. ಅದು ನಿಂತ ಮೇಲೆ ದಾವಣಗೆರೆ, ಹರಿಹರಗಳಲ್ಲಿ ಕಾಲೇಜುಗಳು ಹೆಚ್ಚಿದವು. ಆದರೆ ಕೂಲಿಯ ಮನೆಯ ಮಗು ಕಾಲೇಜಿನ ಗೇಟಿನವರೆಗೆ ಬರುವ ಹದಿನೈದು ವರ್ಷಗಳ ಖರ್ಚನ್ನು ಹೊರುವವರು ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ.