ಕಬ್ಬಿನ ರೊಕ್ಕಕ್ಕೆ ಕಾವಲು ಯಾರು?

ಚಿಕ್ಕೋಡಿ: ಅಥಣಿ, ರಾಯಬಾಗ, ಕಾಗವಾಡ ಸೀಮೆಯ ರೈತನ ಕಬ್ಬಿನ ಬಿಲ್ಲು ಈಗ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ರೊಕ್ಕ ಹೋದಲ್ಲಿಗೆ ಕಳ್ಳನೂ ಹೋಗಬೇಕಲ್ಲ! ಅವನೀಗ ಗೋಡೆಗೆ ಕನ್ನ ಕೊರೆಯುವುದಿಲ್ಲ, ಫೋನ್ ಹಚ್ಚುತ್ತಾನೆ.

2025ರ ಮಾರ್ಚ್‌ನಲ್ಲಿ ಇದೇ ಜಿಲ್ಲೆಯ ಖಾನಾಪುರ ತಾಲೂಕು ಬೀಡಿ ಗ್ರಾಮದಲ್ಲಿ 'ಡಿಜಿಟಲ್ ಅರೆಸ್ಟ್' ವಂಚಕರ ಕಾಟ ತಾಳದೆ ವೃದ್ಧ ದಂಪತಿ ಪ್ರಾಣ ಕಳೆದುಕೊಂಡರು. ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. ಅದನ್ನು ಮನೆಮನೆಗೆ ಹೇಳುವವರು ಬೇಕು.

ಚಿಕ್ಕೋಡಿಯಲ್ಲಿ ಕೆ.ಎಲ್.ಇ., ನಿಪ್ಪಾಣಿಯಲ್ಲಿ ವಿ.ಎಸ್.ಎಂ. ಇಂಜಿನಿಯರಿಂಗ್ ಕಾಲೇಜುಗಳಿವೆ. ಕನ್ನಡ ಶಾಲೆಯಿಂದ ಕಂಪ್ಯೂಟರ್ ಓದಿಗೆ ಬಂದ ಹಳ್ಳಿ ಹುಡುಗನಿಗೆ ಮೊದಲ ವರ್ಷ ಇಂಗ್ಲಿಷೇ ದೊಡ್ಡ ಬೇಲಿ. 'ಸಿ' ಭಾಷೆಯಲ್ಲಿ ಒಂದು ಸೆಮಿಕೋಲನ್ ಬಿಟ್ಟರೂ ಪ್ರೋಗ್ರಾಂ ಓಡದು. ತಪ್ಪು ಹುಡುಕುವ ತಾಳ್ಮೆ ಬರುವುದು ಅಲ್ಲಿಂದಲೇ. ಮುಂದೆ ಡೇಟಾಬೇಸ್, ನೆಟ್‌ವರ್ಕ್, ಆಮೇಲೆ ಸೈಬರ್ ಭದ್ರತೆ. ಪಾಸ್‌ವರ್ಡನ್ನು ಇದ್ದಂತೆಯೇ ಇಡಬಾರದು, ಹ್ಯಾಶ್ ಮಾಡಿ ಇಡಬೇಕು ಎಂದು ತಿಳಿಯುತ್ತದೆ. ಎಂಥ ಗಟ್ಟಿ ಬೀಗ ಜಡಿದರೂ ಮನೆಯವರೇ ಓಟಿಪಿ ಹೇಳಿಬಿಟ್ಟರೆ ಎಲ್ಲ ವ್ಯರ್ಥ ಎಂಬುದೂ ತಿಳಿಯುತ್ತದೆ. ಹುಡುಗ ಬೆಳೆದದ್ದು ಅಂದರೆ ಇದೇ ನೋಡ್ರಿ!

ಓದಿದವರು ಪುಣೆ, ಬೆಂಗಳೂರು ಬಸ್ ಹತ್ತುವುದು ತಪ್ಪಲ್ಲ. ಹತ್ತುವ ಮುಂಚೆ ಮನೆಯ ಹಿರಿಯರನ್ನು ಕೂಡಿಸಿ ಹೇಳಲಿ: "ಯಪ್ಪಾ, ಪೊಲೀಸ್ರು ವಿಡಿಯೋ ಕಾಲ್‌ನಾಗ ಅರೆಸ್ಟ್ ಮಾಡೂದಿಲ್ಲ. ಓಟಿಪಿ ಯಾರಿಗೂ ಹೇಳಬ್ಯಾಡ. ರೊಕ್ಕ ಹೋತಂದ್ರ ತಡಾ ಮಾಡದ 1930ಕ್ಕ ಫೋನ್ ಹಚ್ಚು." ದೂರು ಬೇಗ ಮುಟ್ಟಿದರೆ ಹಣವನ್ನು ಬ್ಯಾಂಕಿನಲ್ಲೇ ತಡೆಯಲು ಅವಕಾಶ ಉಂಟು.

ಪದವಿಯ ಕಾಗದ ಗೋಡೆಗೆ ತೂಗುಹಾಕುವ ಮೊದಲು ಈ ಪಾಠ ಮನೆಯಲ್ಲೇ ಪಾಸಾಗಲಿ!