ನೀಟ್ ಮತ್ತೊಮ್ಮೆ ಬರೆಯಬೇಕೆ? ನಿರ್ಧಾರಕ್ಕೆ ಮುಂಚೆ ಮನೆಯವರು ಹಾಕಬೇಕಾದ ಲೆಕ್ಕ

ನೀಟ್ ಫಲಿತಾಂಶ ಬಂದ ವಾರದಲ್ಲಿ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ. ಮಗಳಿಗೋ ಮಗನಿಗೋ ಅಂಕ ಬಂದಿದೆ, ಅರ್ಹತೆಯೂ ಸಿಕ್ಕಿದೆ, ಆದರೆ ಸರ್ಕಾರಿ ಸೀಟಿಗೆ ಆ ರ‍್ಯಾಂಕ್ ಸಾಲದು. ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಿಸಿ ಇನ್ನೊಂದು ವರ್ಷ ಓದಿಸೋಣ ಎನ್ನುವವರು ಕೆಲವರು. ಸಿಕ್ಕಿದ ಸೀಟಿಗೆ ಸೇರಿಸಿಬಿಡೋಣ ಎನ್ನುವವರು ಕೆಲವರು. ನೆಂಟರು, ಬಸದಿಯಲ್ಲಿ ಸಿಕ್ಕವರು, ಕೋಚಿಂಗ್ ಕೇಂದ್ರದ ಪ್ರತಿನಿಧಿಗಳು ಎಲ್ಲರೂ ಸಲಹೆ ಕೊಡುತ್ತಾರೆ. ಓದಬೇಕಾದ ಮಗುವಿನ ಮಾತು ಮಾತ್ರ ಕೊನೆಗೆ ಬರುತ್ತದೆ.

ಈ ನಿರ್ಧಾರವನ್ನು ಬೇಸರದಲ್ಲಿಯೂ ತೆಗೆದುಕೊಳ್ಳಬಾರದು, ಹಠದಲ್ಲಿಯೂ ತೆಗೆದುಕೊಳ್ಳಬಾರದು. ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಮುಂದಿನ ವರ್ಷದ ಓದಿನಲ್ಲಿ ಯಾವುದು ಬೇರೆಯಾಗಿರುತ್ತದೆ? ಇದಕ್ಕೆ ಸ್ಪಷ್ಟ ಉತ್ತರವಿದ್ದರೆ ಮರುಪ್ರಯತ್ನಕ್ಕೆ ಅರ್ಥವಿದೆ. ‘ಇನ್ನೂ ಹೆಚ್ಚು ಓದುತ್ತೇನೆ’ ಎಂಬುದಷ್ಟೇ ಉತ್ತರವಾದರೆ ಇನ್ನೊಮ್ಮೆ ಯೋಚಿಸಬೇಕು.

ನಿಯಮ ಏನು ಹೇಳುತ್ತದೆ

ಎಂಬಿಬಿಎಸ್ ಪ್ರವೇಶಕ್ಕೆ ಒಂದು ವರ್ಷದ ನೀಟ್ ಅಂಕ ಆ ವರ್ಷದ ಪ್ರವೇಶಕ್ಕೆ ಮಾತ್ರ ಸಲ್ಲುತ್ತದೆ. ಹಳೆಯ ಅಂಕ ಇಟ್ಟುಕೊಂಡು ಮರುವರ್ಷ ಅರ್ಜಿ ಹಾಕುವ ಅವಕಾಶ ಇಲ್ಲಿ ಇಲ್ಲ. ಮತ್ತೆ ಪ್ರಯತ್ನಿಸುವುದೆಂದರೆ ಮೊದಲಿನಿಂದ ಪರೀಕ್ಷೆ ಬರೆಯುವುದೆಂದೇ ಅರ್ಥ. ಎರಡನೆಯ ಸಲ ಕಡಿಮೆ ಅಂಕ ಬಂದರೆ ಹಿಂದಿನ ವರ್ಷದ ಹೆಚ್ಚಿನ ಅಂಕ ಕೈಹಿಡಿಯುವುದಿಲ್ಲ.

ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಮಿತಿ ಇಲ್ಲ. ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಲಾಯಿತು. ಎರಡನೆಯ ಸಲ ಬರೆದವರೆಂದು ಅಂಕ ಕಡಿತ ಮಾಡುವುದೂ ಇಲ್ಲ. ಆದ್ದರಿಂದ ‘ಒಂದು ವರ್ಷ ಹೋದರೆ ಅವಕಾಶವೇ ಹೋಯಿತು’ ಎಂಬ ಭಯ ಬೇಡ. ಆದರೆ ಮಿತಿ ಇಲ್ಲ ಎಂಬ ಕಾರಣಕ್ಕೇ ಮೂರು ನಾಲ್ಕು ವರ್ಷ ಕಳೆದುಕೊಂಡವರೂ ಇದ್ದಾರೆ. ನಿಯಮ ಹಾಕದ ಮಿತಿಯನ್ನು ಮನೆಯವರೇ ಹಾಕಿಕೊಳ್ಳಬೇಕು.

ಅಂಕ ಬೇಡ, ರ‍್ಯಾಂಕ್ ನೋಡಿ

ಕಳೆದ ವರ್ಷ ಇಷ್ಟೇ ಅಂಕಕ್ಕೆ ಪಕ್ಕದ ಮನೆಯ ಹುಡುಗನಿಗೆ ಸೀಟು ಸಿಕ್ಕಿತ್ತು ಎಂಬ ಮಾತು ದಾರಿ ತಪ್ಪಿಸುತ್ತದೆ. ಪ್ರಶ್ನೆಪತ್ರಿಕೆಯ ಕಷ್ಟ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 17 ಮಂದಿಗೆ 720ಕ್ಕೆ 720 ಅಂಕ ಬಂದಿತ್ತು. 2025ರಲ್ಲಿ ದೇಶದ ಮೊದಲ ರ‍್ಯಾಂಕ್ ಪಡೆದವರ ಅಂಕ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 2024ರಲ್ಲಿ 162 ಇದ್ದದ್ದು 2025ರಲ್ಲಿ 144ಕ್ಕೆ ಇಳಿಯಿತು. ಒಂದೇ ಅಂಕಕ್ಕೆ ಎರಡು ವರ್ಷಗಳಲ್ಲಿ ಬೇರೆ ಬೇರೆ ರ‍್ಯಾಂಕ್ ಬರುತ್ತದೆ.

ಅರ್ಹತೆಗೂ ಸೀಟಿಗೂ ಇರುವ ಅಂತರವನ್ನೂ ತಿಳಿದಿರಬೇಕು. 2025ರಲ್ಲಿ ಸುಮಾರು 22 ಲಕ್ಷ ಮಂದಿ ಪರೀಕ್ಷೆ ಬರೆದರು, 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ದೇಶದಲ್ಲಿ ಎಂಬಿಬಿಎಸ್ ಸೀಟುಗಳಿರುವುದು ಸುಮಾರು 1.2 ಲಕ್ಷ. ಅರ್ಹರಾದ ಹತ್ತು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಸೀಟು ಎಂದಾಯಿತು. ಅದರಲ್ಲಿಯೂ ಕಡಿಮೆ ಶುಲ್ಕದ ಸೀಟುಗಳು ಇನ್ನೂ ಕಡಿಮೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರತಿ ಸುತ್ತಿನ ಕಟ್ ಆಫ್ ರ‍್ಯಾಂಕ್‌ಗಳನ್ನು ಪ್ರಕಟಿಸುತ್ತದೆ. ತಮ್ಮ ಪ್ರವರ್ಗದಲ್ಲಿ ಕೊನೆಯ ಸುತ್ತಿನ ಸೀಟು ಯಾವ ರ‍್ಯಾಂಕ್‌ಗೆ ನಿಂತಿತು ಎಂಬುದನ್ನು ಎರಡು ಮೂರು ವರ್ಷಗಳ ಪಟ್ಟಿಯಲ್ಲಿ ನೋಡಿ ಬರೆದಿಟ್ಟುಕೊಳ್ಳಬೇಕು. ಮಗುವಿನ ರ‍್ಯಾಂಕ್‌ಗೂ ಆ ರ‍್ಯಾಂಕ್‌ಗೂ ಇರುವ ಅಂತರವೇ ಮುಂದಿನ ವರ್ಷ ದಾಟಬೇಕಾದ ದೂರ.

ಸೀಟು ತಪ್ಪಿದ್ದು ಅಂಕದಿಂದಲೋ, ದಾಖಲೆಯಿಂದಲೋ?

ಕೆಲವೊಮ್ಮೆ ಸೀಟು ಕೈತಪ್ಪುವುದು ಅರ್ಜಿಯಲ್ಲಿ ಆದ ತಪ್ಪಿನಿಂದ. ಒಂದು ವರ್ಷದ ಓದಿಗೆ ಕೂರಿಸುವ ಮೊದಲು ಇದನ್ನು ಪರಿಶೀಲಿಸಬೇಕು.

ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು 3ಬಿ ಪ್ರವರ್ಗದಲ್ಲಿ ಬರುತ್ತಾರೆ. ಇದರ ಪ್ರಯೋಜನಕ್ಕೆ ತಹಶೀಲ್ದಾರರು ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಆದಾಯದ ಮಿತಿಯೂ ಅನ್ವಯಿಸುತ್ತದೆ. ರಾಜ್ಯದ ಪ್ರವರ್ಗವೇ ಬೇರೆ, ಅಖಿಲ ಭಾರತ ಕೋಟಾದಲ್ಲಿ ಕೇಳುವ ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ. ಒಂದರ ಪ್ರಮಾಣಪತ್ರ ಇನ್ನೊಂದಕ್ಕೆ ನಡೆಯುವುದಿಲ್ಲ.

ಧಾರ್ಮಿಕ ಅಲ್ಪಸಂಖ್ಯಾತರ ಸ್ಥಾನ ಇದಕ್ಕಿಂತ ಪ್ರತ್ಯೇಕ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನ ಸಮುದಾಯವನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಇದು ದಿಗಂಬರ, ಶ್ವೇತಾಂಬರ ಎರಡೂ ಪಂಥದವರಿಗೆ ಅನ್ವಯಿಸುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಸಮುದಾಯಕ್ಕೆ ಮೀಸಲಾದ ಸೀಟುಗಳಿವೆಯೇ ಎಂಬುದನ್ನು ಆ ವರ್ಷದ ಸೀಟ್ ಮ್ಯಾಟ್ರಿಕ್ಸ್‌ನಲ್ಲಿ ನೋಡಬೇಕು. ಅಲ್ಲಿಯೂ ನೀಟ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ನೀಡಿದೆ.

ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ, ಕಲ್ಯಾಣ ಕರ್ನಾಟಕದ 371ಜೆ ಇವುಗಳಿಗೆ ಅರ್ಹರಾಗಿದ್ದೂ ಅರ್ಜಿಯಲ್ಲಿ ನಮೂದಿಸದೆ ಉಳಿದವರು ಇರುತ್ತಾರೆ. ಹೀಗೆ ತಪ್ಪಿದ್ದರೆ ಮುಂದಿನ ವರ್ಷ ದಾಟಬೇಕಾದ ದೂರ ಮೊದಲೇ ಸ್ವಲ್ಪ ಕಡಿಮೆಯಾಗುತ್ತದೆ.

ಅಂಕ ಎಲ್ಲಿ ಹೋಯಿತು

ಪರೀಕ್ಷೆಯ ನಂತರ ಎನ್‌ಟಿಎ ಉತ್ತರ ಪತ್ರಿಕೆಯ ಪ್ರತಿ ಮತ್ತು ಸರಿ ಉತ್ತರಗಳನ್ನು ಕೊಡುತ್ತದೆ. ಅವುಗಳನ್ನು ಮುಂದಿಟ್ಟುಕೊಂಡು ಒಂದು ದಿನ ಕುಳಿತರೆ ಯಾವ ಸಲಹೆಗಾರರೂ ಹೇಳದ ವಿಷಯ ತಿಳಿಯುತ್ತದೆ. 180 ಪ್ರಶ್ನೆಗಳಲ್ಲಿ ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ.

ಉದಾಹರಣೆಗೆ, ಒಬ್ಬ ವಿದ್ಯಾರ್ಥಿನಿಗೆ ಜೀವಶಾಸ್ತ್ರದಲ್ಲಿ 300, ರಸಾಯನಶಾಸ್ತ್ರದಲ್ಲಿ 100, ಭೌತಶಾಸ್ತ್ರದಲ್ಲಿ 60, ಒಟ್ಟು 460 ಅಂಕ ಬಂದಿದೆ ಎಂದುಕೊಳ್ಳೋಣ. ಭೌತಶಾಸ್ತ್ರದಲ್ಲಿ ಅವಳು 18 ಸರಿ, 12 ತಪ್ಪು ಮಾಡಿ 15 ಪ್ರಶ್ನೆ ಬಿಟ್ಟಿದ್ದಾಳೆ. ಆ 12 ತಪ್ಪುಗಳಲ್ಲಿ ಆರನ್ನು ಸರಿ ಮಾಡಿದರೆ 30 ಅಂಕ ಹೆಚ್ಚುತ್ತದೆ. ಬಿಟ್ಟ 15ರಲ್ಲಿ ಎಂಟನ್ನು ಸರಿಯಾಗಿ ಬರೆದರೆ ಮತ್ತೆ 32. ಜೀವಶಾಸ್ತ್ರವನ್ನು ಮುಟ್ಟದೆಯೇ ಅವಳು 520 ದಾಟುತ್ತಾಳೆ. ಇವಳಿಗೆ ಮರುಪ್ರಯತ್ನದಲ್ಲಿ ಮಾಡಬೇಕಾದ ಕೆಲಸ ಯಾವುದು ಎಂಬುದು ಕಣ್ಣೆದುರಿಗಿದೆ.

ತಪ್ಪಾದ ಮತ್ತು ಬಿಟ್ಟ ಪ್ರತಿ ಪ್ರಶ್ನೆಯ ಮುಂದೆ ಕಾರಣ ಬರೆಯಬೇಕು: ಪಾಠವೇ ಬಂದಿರಲಿಲ್ಲ, ಬಂದಿತ್ತು ಆದರೆ ಲೆಕ್ಕ ತಪ್ಪಿತು, ಸಮಯ ಸಾಲಲಿಲ್ಲ. ಮೊದಲನೆಯದಕ್ಕೆ ಒಂದು ವರ್ಷದ ಓದು ಖಂಡಿತ ಪರಿಹಾರ. ಎರಡನೆಯದಕ್ಕೂ ಮೂರನೆಯದಕ್ಕೂ ಗಡಿಯಾರ ಇಟ್ಟುಕೊಂಡು ಮಾದರಿ ಪರೀಕ್ಷೆಗಳನ್ನು ಬರೆಯುವ ಅಭ್ಯಾಸ ಬೇಕು. ಪುಸ್ತಕವನ್ನು ಮತ್ತೊಮ್ಮೆ ಓದಿದರೆ ಸಾಲದು. ಮೂರೂ ವಿಷಯಗಳಲ್ಲಿ ಎಲ್ಲ ಪಾಠಗಳೂ ಸಮಾನವಾಗಿ ದುರ್ಬಲವಾಗಿದ್ದರೆ, ಎರಡು ವರ್ಷದ ಪಿಯುಸಿಯಲ್ಲಿ ಆಗದ್ದು ಹತ್ತು ತಿಂಗಳಲ್ಲಿ ಹೇಗೆ ಆಗುತ್ತದೆ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಪರೀಕ್ಷೆಯ ದಿನಗಳಲ್ಲಿ ಜ್ವರ, ಮನೆಯಲ್ಲಿ ಸಾವು ಇಂಥ ಕಾರಣದಿಂದ ಅಂಕ ಕುಸಿದಿದ್ದರೆ ಅದನ್ನು ಬೇರೆಯಾಗಿಯೇ ನೋಡಬೇಕು. ಆ ವರ್ಷದ ಮಾದರಿ ಪರೀಕ್ಷೆಗಳಲ್ಲಿ ಬರುತ್ತಿದ್ದ ಅಂಕ ನಿಜವಾದ ಮಟ್ಟವನ್ನು ಹೇಳುತ್ತದೆ.

ಕೌನ್ಸೆಲಿಂಗ್ ಬಿಡಬೇಡಿ

ರಿಪೀಟರ್ಸ್ ಬ್ಯಾಚ್‌ಗಳು ಜೂನ್, ಜುಲೈನಲ್ಲಿ ಶುರುವಾಗುತ್ತವೆ. ಕೌನ್ಸೆಲಿಂಗ್ ಸುತ್ತುಗಳು ಅದಾದ ಮೇಲೆಯೂ ತಿಂಗಳುಗಟ್ಟಲೆ ನಡೆಯುತ್ತವೆ. ಅಲ್ಲಿಯವರೆಗೆ ಕಾಯದೆ ಕೋಚಿಂಗ್‌ಗೆ ಪೂರ್ತಿ ಹಣ ಕಟ್ಟಿ, ಕೆಇಎ ನೋಂದಣಿಯನ್ನೇ ಕೈಬಿಡುವವರಿದ್ದಾರೆ. ಕೊನೆಯ ಸುತ್ತುಗಳಲ್ಲಿ ಕಟ್ ಆಫ್ ಇಳಿದು, ನೋಂದಾಯಿಸಿದ್ದರೆ ಸಿಗಬಹುದಾಗಿದ್ದ ಸೀಟು ಬೇರೆಯವರ ಪಾಲಾಗುತ್ತದೆ.

ಆದ್ದರಿಂದ ಮರುಪ್ರಯತ್ನದ ಯೋಚನೆ ಇದ್ದರೂ ನೋಂದಣಿ, ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ ಮುಗಿಸಬೇಕು. ನಿಜವಾಗಿ ಸೇರಲು ಸಿದ್ಧರಿರುವ ಕಾಲೇಜುಗಳನ್ನಷ್ಟೇ ಪಟ್ಟಿಯಲ್ಲಿ ಹಾಕಬೇಕು. ಕೊನೆಯ ಸುತ್ತುಗಳಲ್ಲಿ ಸೀಟು ಪಡೆದು ಸೇರದಿದ್ದರೆ ಠೇವಣಿ ಹೋಗುತ್ತದೆ. ಮುಂದಿನ ವರ್ಷದ ಅವಕಾಶಕ್ಕೂ ಕುತ್ತು ಬರಬಹುದು. ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ದಂಡದ ಭಾಗವನ್ನು ಪಾಲಕರೇ ಓದಬೇಕು.

ಕೋಚಿಂಗ್ ಶುಲ್ಕವನ್ನು ಕಂತಿನಲ್ಲಿ ಕಟ್ಟುವ ಮಾತನಾಡಬೇಕು. ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನಗಳೊಳಗೆ ಹಿಂದಿರುಗಿಸಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಮಾರ್ಗಸೂಚಿ ಹೇಳುತ್ತದೆ. ಆದರೂ ಮರುಪಾವತಿಯ ಷರತ್ತನ್ನು ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ.

ಹಣ ಮತ್ತು ಬೇರೆ ದಾರಿಗಳು

ಸರ್ಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಒಂದು ಲಕ್ಷದೊಳಗಿದ್ದರೆ, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಒಂದೂವರೆ ಲಕ್ಷದ ಆಸುಪಾಸು, ಖಾಸಗಿ ಕೋಟಾದಲ್ಲಿ ಹತ್ತು ಲಕ್ಷ ದಾಟುತ್ತದೆ. ಮ್ಯಾನೇಜ್‌ಮೆಂಟ್ ಸೀಟು ಇನ್ನೂ ದುಬಾರಿ. ಸರ್ಕಾರಿ ಕೋಟಾದ ಅಂಚಿನಲ್ಲಿರುವ ಮಗುವಿಗೆ ಒಂದು ವರ್ಷದ ಮರುಪ್ರಯತ್ನ ಹಲವು ಲಕ್ಷ ಉಳಿಸಬಲ್ಲದು. ಅಂಚಿನಿಂದ ಬಹಳ ದೂರವಿರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಜಮೀನು ಮಾರಿ ಅಥವಾ ಅಂಗಡಿಯ ಬಂಡವಾಳ ತೆಗೆದು ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವ ಮುನ್ನ, ಎಂಬಿಬಿಎಸ್ ನಂತರ ಸ್ನಾತಕೋತ್ತರ ಓದೂ ಇದೆ ಎಂಬುದನ್ನು ನೆನಪಿಡಬೇಕು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆಗೆ ಆದಾಯ ಮಿತಿಯೊಳಗಿನ ಜೈನ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು.

ಬಿಡಿಎಸ್, ಬಿಎಎಂಎಸ್ ಸೀಟುಗಳಿಗೆ ಅದೇ ನೀಟ್ ರ‍್ಯಾಂಕ್ ಸಾಕು. ಪಶುವೈದ್ಯಕೀಯ ಪದವಿಯ ರಾಜ್ಯದ ಸೀಟುಗಳು ಸಿಇಟಿ ಮೂಲಕ ತುಂಬುತ್ತವೆ. ಇವು ತಮ್ಮಷ್ಟಕ್ಕೆ ಒಳ್ಳೆಯ ವೃತ್ತಿಗಳು. ಆದರೆ ಅಲ್ಲಿ ಸೇರಿಕೊಂಡು ಒಳಗೊಳಗೇ ನೀಟ್‌ಗೆ ಓದುವವರು ಬಹಳ ಸಲ ಎರಡನ್ನೂ ಕಳೆದುಕೊಳ್ಳುತ್ತಾರೆ. ನಡುವೆ ಕೋರ್ಸ್ ಬಿಟ್ಟರೆ ಉಳಿದ ವರ್ಷಗಳ ಶುಲ್ಕ ಕೇಳುವ ಕಾಲೇಜುಗಳಿವೆ. ಸೇರುವುದಾದರೆ ಮನಸ್ಸಿಟ್ಟು ಸೇರಬೇಕು. ವಿದೇಶದ ಎಂಬಿಬಿಎಸ್‌ಗೂ ನೀಟ್ ಅರ್ಹತೆ ಬೇಕು. ಹಿಂದಿರುಗಿದ ಮೇಲೆ ಇಲ್ಲಿ ಪರವಾನಗಿ ಪರೀಕ್ಷೆ ಮತ್ತು ಇಂಟರ್ನ್‌ಶಿಪ್ ಕೂಡ ಇವೆ.

ಆ ಒಂದು ವರ್ಷ ಎಲ್ಲಿ, ಹೇಗೆ

ಹತ್ತು ತಿಂಗಳ ಹಾಸ್ಟೆಲ್ ಜೀವನದಲ್ಲಿ ಊಟ ಸಣ್ಣ ವಿಷಯವಲ್ಲ. ಸೂರ್ಯಾಸ್ತಕ್ಕೆ ಮುಂಚೆ ಊಟ ಮಾಡುವ, ಕಂದಮೂಲ ಬಿಟ್ಟಿರುವ ಮಕ್ಕಳಿಗೆ ರಾತ್ರಿ ಎಂಟೂವರೆಗೆ ಊಟ ಕೊಡುವ ವಸತಿ ಕೋಚಿಂಗ್ ಹೊಂದುವುದು ಕಷ್ಟ. ಹಸಿದು ಓದುವುದು ಇಲ್ಲವೇ ನಿಯಮ ಮುರಿದು ಒಳಗೇ ನೊಂದುಕೊಳ್ಳುವುದು, ಎರಡೂ ಓದನ್ನು ಕೆಡಿಸುತ್ತವೆ. ಸೇರಿಸುವ ಮೊದಲೇ ಅಡುಗೆಮನೆಯ ಸಮಯ ಕೇಳಬೇಕು. ಹತ್ತಿರದಲ್ಲಿ ಜೈನ ವಿದ್ಯಾರ್ಥಿನಿಲಯವಿದ್ದು ದಿನದ ತರಗತಿಗೆ ಹೋಗಿಬರುವಂತಿದ್ದರೆ ಆ ದಾರಿಯನ್ನು ನೋಡಬಹುದು. ಶಿಸ್ತು ಇರುವ ಮಗುವಿಗೆ ಮನೆಯಲ್ಲಿದ್ದುಕೊಂಡು ಮಾದರಿ ಪರೀಕ್ಷೆಗಳಿಗಷ್ಟೇ ಸೇರುವುದೂ ಸಾಕಾಗಬಹುದು.

ಜೊತೆಯವರು ಕಾಲೇಜಿಗೆ ಹೋಗುವಾಗ ಒಬ್ಬರೇ ಹಳೆಯ ಪುಸ್ತಕ ತೆರೆಯುವುದು ಸುಲಭವಲ್ಲ. ಮದುವೆ ಮನೆಯಲ್ಲಿ, ಪರ್ಯೂಷಣದ ದಿನಗಳಲ್ಲಿ ‘ಈಗ ಏನು ಓದುತ್ತಿದ್ದೀಯಪ್ಪಾ?’ ಎಂಬ ಪ್ರಶ್ನೆ ಪ್ರೀತಿಯಿಂದ ಬಂದರೂ ಚುಚ್ಚುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವ ಕೆಲಸವನ್ನು ತಂದೆತಾಯಿ ವಹಿಸಿಕೊಳ್ಳಬೇಕು. ಮಗು ಮಾತು ಕಡಿಮೆ ಮಾಡಿದರೆ, ನಿದ್ದೆ ಊಟ ಬಿಟ್ಟರೆ ಅಂಕದ ಮಾತು ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಲಭ್ಯ.

ನಿರ್ಧಾರದ ದಿನ ಮೂರು ವಿಷಯಗಳನ್ನು ಮಗುವಿನ ಕೈಯಲ್ಲೇ ಒಂದು ಹಾಳೆಯ ಮೇಲೆ ಬರೆಸಬೇಕು: ಯಾವ ವಿಷಯದಲ್ಲಿ ಎಷ್ಟು ಅಂಕ ಹೆಚ್ಚಬೇಕು, ಅದಕ್ಕಾಗಿ ಯಾವುದನ್ನು ಬದಲಿಸುತ್ತೇನೆ, ಮುಂದಿನ ಜೂನ್‌ನಲ್ಲಿಯೂ ಸೀಟು ಬರದಿದ್ದರೆ ಯಾವ ಕೋರ್ಸ್‌ಗೆ ಸೇರುತ್ತೇನೆ. ಮೂರನ್ನೂ ಬರೆಯಲು ಸಾಧ್ಯವಾದರೆ ಧೈರ್ಯವಾಗಿ ಒಂದು ವರ್ಷ ಕೊಡಬಹುದು. ಡಿಸೆಂಬರ್‌ನಲ್ಲಿ ಮಾದರಿ ಪರೀಕ್ಷೆಗಳ ಅಂಕಗಳನ್ನು ಅದೇ ಹಾಳೆಯ ಪಕ್ಕದಲ್ಲಿಟ್ಟು ನೋಡಬೇಕು. ಎರಡನೆಯ ಸಾಲು ಖಾಲಿ ಉಳಿದರೆ ಆ ವರ್ಷ ಸಿಕ್ಕ ಸೀಟುಗಳಲ್ಲಿ ಮಗುವಿಗೆ ಒಪ್ಪುವುದನ್ನು ಆರಿಸಿಕೊಳ್ಳುವುದು ಉತ್ತಮ.