ಕೋಗಳಿ ನಾಡಿನ ಲೆಕ್ಕಪತ್ರಗಳು ನಡೆದು ಬಂದ ದಾರಿ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಇಂದು ಸಾಧಾರಣವಾದ ಗ್ರಾಮವಾದರೂ, ನೊಳಂಬವಾಡಿಯೊಳಗಣ ‘ಕೋಗಳಿ ಐನೂರು’ ಎಂಬ ನಾಡಿಗೆ ಹೆಸರನ್ನಿತ್ತ ಊರು ಅದು. ಅಲ್ಲಿಯ ಬಸದಿಯ ಕ್ರಿ.ಶ. 1055ರ ಶಾಸನವು ಚಾಲುಕ್ಯ ಸೋಮೇಶ್ವರನ ಕಾಲದಲ್ಲಿ ಬರೆಯಿಸಿದುದಾಗಿದ್ದರೂ, ಆ ಬಸದಿಯನ್ನು ಕಟ್ಟಿಸಿದವನು ಗಂಗದೊರೆ ದುರ್ವಿನೀತನೆಂದು ಸ್ಮರಿಸುತ್ತದೆ. ಎಂದರೆ, ಸುಮಾರು ಐದು ಶತಮಾನಗಳ ಹಿಂದಣ ವೃತ್ತಾಂತವೊಂದು ಹೊಸ ಶಿಲೆಯನ್ನು ಆಶ್ರಯಿಸಿ ನಮ್ಮವರೆಗೆ ಬಂದಿತು. ಹಳೆಯ ಆಧಾರವನ್ನು ಹೊಸ ಆಶ್ರಯಕ್ಕೆ ಸಾಗಿಸುವ ಕಾರ್ಯ ಈ ಸೀಮೆಗೆ ಅಪರಿಚಿತವಲ್ಲ.

ಶಿಲೆ ದಾನಶಾಸನಕ್ಕೆ ಯೋಗ್ಯವಾದುದೇ ಹೊರತು ನಿತ್ಯದ ಲೆಕ್ಕಕ್ಕಲ್ಲ. ಕನ್ನಡ ನಾಡಿನ ಲೆಕ್ಕಿಗರು ಅದಕ್ಕಾಗಿ ಕಡತವನ್ನು ಬಳಸುತ್ತಿದ್ದರು: ಹುಣಿಸೆಬೀಜದ ಸರಿಯಲ್ಲಿ ಇದ್ದಿಲಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವದು. ಅಳಿಸಿ ಮತ್ತೆ ಬರೆಯಬಹುದೆಂಬುದು ಅದರ ಗುಣ. ಅಳಿಸಿದುದರ ಗುರುತು ಉಳಿಯದೆಂಬುದು ಅದರ ದೋಷ. 1800ರಲ್ಲಿ ನಿಜಾಮನು ಈ ಪ್ರಾಂತವನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ತರುವಾಯ, 1807ರವರೆಗೆ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಯಿಸಿ ಕಂದಾಯವನ್ನು ಗೊತ್ತುಮಾಡಿಸಿದನು. ಅಲ್ಲಿಂದ ಮುಂದೆ ಕಾಗದದ ಪಟ್ಟಿಗಳ ಪ್ರಾಬಲ್ಯ ಬೆಳೆಯಿತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಬಳ್ಳಾರಿ ಜಿಲ್ಲೆಯೊಡನೆ ಮದರಾಸು ಪ್ರಾಂತದಲ್ಲಿದ್ದುದರಿಂದ, ಆ ಪ್ರಾಂತದ ‘ಅಡಂಗಲ್’ ಎಂಬ ಗ್ರಾಮಲೆಕ್ಕವೇ ಇಲ್ಲಿಯೂ ನಡೆಯಿತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಯಿತು. 1964ರ ಭೂಕಂದಾಯ ಶಾಸನದ ಮೇರೆಗೆ ಪಹಣಿ ರೂಢವಾಯಿತು. ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿದ್ದ ಲೆಕ್ಕ ಸರಕಾರದ ಗ್ರಾಮಲೆಕ್ಕಿಗನ ಕೈಗೆ ಬಂದಿತು.

ಶತಮಾನದ ಸಂಧಿಯಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನೇ ಕೊನೆಗೊಳಿಸಿತು. ಕಡತದ ದೋಷ ಮರುಕಳಿಸದಿರಲೆಂದು, ನಮೂದು ತಿದ್ದುವವನ ಬೆರಳಚ್ಚನ್ನು ಗಣಕ ಮೊದಲು ಗುರುತಿಸಬೇಕೆಂಬ ಏರ್ಪಾಡೂ ಆಯಿತು. ರೈತನಿಗೆ ಇದರಿಂದಾದ ಉಪಕಾರ ದೊಡ್ಡದು. ಆ ಕುರಿತು ನನಗೆ ಸಂದೇಹವಿಲ್ಲ. ಆದರೆ ಗಣಕಕ್ಕೇರಿದುದು ಮುಖ್ಯವಾಗಿ ಅಂದಿನ ನಮೂದು ಮಾತ್ರ. ಆ ನಮೂದು ಹೇಗೆ ಬಂದಿತೆಂಬುದನ್ನು ಹೇಳುವ ಹಳೆಯ ಮ್ಯುಟೇಷನ್ನುಗಳು, ಪೋಡಿಯ ಟಿಪ್ಪಣಿಗಳು, ಹಿಂದಣ ಪಹಣಿಗಳು ಕಛೇರಿಯ ದಫ್ತರುಖಾನೆಯಲ್ಲಿ ಗಂಟುಕಟ್ಟಿಕೊಂಡೇ ಉಳಿದುವು. ಅಕ್ಷರ ಜೋಡಿಸುವಾಗ ಹೆಸರಿನಲ್ಲೋ ವಿಸ್ತೀರ್ಣದಲ್ಲೋ ಆದ ಲೋಪವನ್ನು ತಿದ್ದಿಸಬೇಕಾದಾಗ ರೈತನು ಮೊರೆಹೋಗಬೇಕಾದುದು ಆ ಗಂಟುಗಳಿಗೇ.

ಈ ಸೀಮೆಯಲ್ಲಿ ಮತ್ತೊಂದು ತೊಡಕುಂಟು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಆದಕಾರಣ, ಒಂದೇ ಹೊಲದ ಪೂರ್ವವೃತ್ತಾಂತವನ್ನು ಅರಸುವವನು ಇಂದಿನ ಕಛೇರಿಯೊಂದನ್ನೇ ನಂಬಿ ಕೂಡಲಾಗದು; ಆಯಾ ಕಾಲಕ್ಕೆ ಆ ಹಳ್ಳಿ ಯಾವ ಕಛೇರಿಗೆ ಒಳಪಟ್ಟಿದ್ದಿತೆಂಬುದನ್ನೂ ಅರಿತಿರಬೇಕು.

ಈಗ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಛೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿರುವುದು ಸಕಾಲಿಕವಾದ ಕಾರ್ಯ. ಆದರೆ ಚಿತ್ರಕ್ಕೆ ಹಳ್ಳಿ, ಸರ್ವೆ ನಂಬರು, ವರ್ಷಗಳ ಸೂಚಿ ಸರಿಯಾಗಿ ತಗಲದಿದ್ದರೆ ಆ ಚಿತ್ರ ಇದ್ದೂ ಇಲ್ಲದಂತೆ. ಅದನ್ನು ತೆರೆಯುವ ಯಂತ್ರವೂ ತಂತ್ರಾಂಶವೂ ಹಳತಾದಾಗ ಮತ್ತೆ ಹೊಸದಕ್ಕೆ ಸಾಗಿಸದಿದ್ದರೆ ಓದಲೇ ಬಾರದು. ಶಿಲೆಗಾದರೋ ಅದನ್ನು ಓದಬಲ್ಲವನ ಕಣ್ಣೊಂದೇ ಸಾಕಾಗಿತ್ತು. ಆದುದರಿಂದ ಸ್ಕ್ಯಾನ್ ಮುಗಿಯಿತೆಂದು ಮೂಲವನ್ನು ರದ್ದಿಗೆ ಹಾಕದೆ, ಗೆದ್ದಲೂ ತೇವವೂ ತಾಕದ ಕೊಠಡಿಯಲ್ಲಿರಿಸಬೇಕೆಂದು ಅಧಿಕಾರಿಗಳಲ್ಲಿ ನನ್ನ ಪ್ರಾರ್ಥನೆ. ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಪಟ್ಟೆಯೋ ಕೈಬರಹದ ಪಹಣಿಯೋ ಇರುವ ಓದುಗರು ಅದನ್ನು ಎಸೆಯದಿರಲಿ.